ಅವಳು ಅತಿಥಿಯಲ್ಲ, ಕೆಲಸದವಳು: ವಲಸೆಯ ದೈವಶಾಸ್ತ್ರದ ಜೊತೆ ಒಂದು ತಕರಾರು

ವಲಸೆಯ ಬಗ್ಗೆ ಧರ್ಮಗುರುಗಳು ಮಾತಾಡಿದಾಗೆಲ್ಲ ಆತಿಥ್ಯದ ವಿಷಯ ಬಂದೇ ಬರುತ್ತದೆ. ಬಾಗಿಲು ತೆರೆಯಿರಿ, ಪರದೇಶಿಯನ್ನು ಒಳಗೆ ಕರೆಯಿರಿ, ಊಟ ಹಾಕಿ, ಹಾಸಿಗೆ ಕೊಡಿ. ಕೇಳಲು ಚೆನ್ನಾಗಿದೆ. ಗಡಿಯಲ್ಲಿ ನಿಂತ ನಿರಾಶ್ರಿತರ ವಿಷಯದಲ್ಲಿ ಇದು ಬೇಕಾದ ಮಾತೂ ಹೌದು. ಆದರೆ ಮನೆಕೆಲಸಕ್ಕೆಂದು ದೇಶ ಬಿಟ್ಟು ಹೋದ ಹೆಂಗಸಿಗೆ ಈ ಮಾತು ಹೊಂದುವುದಿಲ್ಲ. ಅವಳು ಆಗಲೇ ಮನೆಯೊಳಗೆ ಇದ್ದಾಳೆ. ಅತಿಥಿ ಬಂದರೆ ಅಡುಗೆ ಮಾಡಿ, ಬಡಿಸಿ, ಹಾಸಿಗೆ ಹಾಸುವವಳೇ ಅವಳು. ಒಳಗೆ ಬಿಡುವವರಿಗೆ ಕೊರತೆಯಿಲ್ಲ, ಏಜೆಂಟರು ಕಾದು ನಿಂತಿರುತ್ತಾರೆ. ಹೊರಗೆ ಹೋಗಲು ಬಿಡುವವರು ಯಾರು ಅನ್ನುವುದು ಅವಳ ಪ್ರಶ್ನೆ.

ಇವರ ಸಂಖ್ಯೆ ಸಣ್ಣದಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2013ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 1.15 ಕೋಟಿ ವಲಸೆ ಮನೆಕೆಲಸದವರಿದ್ದರು. ಅವರಲ್ಲಿ ಹತ್ತಿರಹತ್ತಿರ 85 ಲಕ್ಷ ಮಂದಿ ಹೆಂಗಸರು. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಶ್ರೀಲಂಕಾ, ನೇಪಾಳ, ಭಾರತ, ಇಥಿಯೋಪಿಯಾ, ಕೆನ್ಯಾಗಳಿಂದ ಹೊರಟು ಗಲ್ಫ್ ದೇಶಗಳು, ಲೆಬನಾನ್, ಜೋರ್ಡಾನ್, ಹಾಂಗ್‌ಕಾಂಗ್, ಸಿಂಗಾಪುರ, ತೈವಾನ್, ಇಟಲಿಗೆ ಹೋಗುವವರು. ಗಲ್ಫ್, ಲೆಬನಾನ್, ಜೋರ್ಡಾನ್‌ಗಳಲ್ಲಿ ಕಫಾಲಾ ಪದ್ಧತಿ ಇದೆ. ಕೆಲಸದವಳ ವೀಸಾ ಮಾಲೀಕನ ಹೆಸರಿಗೆ ಕಟ್ಟಿಹಾಕಿರುತ್ತದೆ. ಅವನ ಒಪ್ಪಿಗೆ ಇಲ್ಲದೆ ಮನೆ ಬಿಟ್ಟರೆ ಅವಳು 'ಓಡಿಹೋದವಳು', ಅಂದರೆ ಅಪರಾಧಿ. ಕೆಲವು ದೇಶಗಳು ಈಚೆಗೆ ಇದನ್ನು ಸಡಿಲಿಸಿವೆ, ಆದರೆ ಮನೆಕೆಲಸದವರ ತನಕ ಆ ಸಡಿಲಿಕೆ ಅಷ್ಟಾಗಿ ಮುಟ್ಟಿಲ್ಲ. ಹಾಂಗ್‌ಕಾಂಗ್‌ನಲ್ಲಿ ಕಫಾಲಾ ಇಲ್ಲ. ಅಲ್ಲಿ ಬೇರೆ ತರಹದ ಹಗ್ಗ: ಮಾಲೀಕರ ಮನೆಯಲ್ಲೇ ವಾಸಿಸಬೇಕು, ಕರಾರು ಮುರಿದರೆ ಎರಡು ವಾರದಲ್ಲಿ ದೇಶ ಬಿಡಬೇಕು. ಎರಡು ವಾರದ ಈ ನಿಯಮ 1987ರಿಂದ ಇದೆ.

ಇಂಥ ಕಡೆ ದೇವರ ಮಾತಿಗೆ ಏನು ಕೆಲಸ ಅಂತ ಕೇಳಬಹುದು. ಕೆಲಸ ಇದೆ. ಕೆಲಸದವಳಿಗೆ ಬಹಳ ಸಲ ನಂಬಿಕೆಯೊಂದೇ ಆಸರೆ. ಮನೆಯೊಡತಿಯೂ ಬಹಳ ಸಲ ದೈವಭಕ್ತೆಯೇ. ಒಂದೇ ಮನೆಯಲ್ಲಿ ಇಬ್ಬರೂ ಪ್ರಾರ್ಥಿಸುತ್ತಾರೆ. ಧರ್ಮ ಇಬ್ಬರಿಗೂ ಏನು ಹೇಳಿಕೊಡುತ್ತಿದೆ ಅನ್ನುವುದರ ಮೇಲೆ ಅವಳ ಬದುಕು ಎಷ್ಟೋ ನಿಂತಿದೆ.

ಕ್ರೈಸ್ತ ಚಿಂತನೆಯಲ್ಲಿ ವಲಸೆಯ ಚರ್ಚೆಗೆ ದೊಡ್ಡ ಇತಿಹಾಸವಿದೆ. 1952ರಲ್ಲಿ ಹನ್ನೆರಡನೇ ಪಯಸ್ ಪೋಪ್ ಹೊರಡಿಸಿದ ದಾಖಲೆಯೊಂದು ಈಜಿಪ್ಟಿಗೆ ಓಡಿಹೋದ ಯೋಸೇಫ, ಮರಿಯ, ಮಗು ಯೇಸು ಇವರನ್ನು ಎಲ್ಲ ನಿರಾಶ್ರಿತ ಕುಟುಂಬಗಳ ಮೂಲಮಾದರಿ ಎಂದು ಕರೆಯಿತು. ಈಚಿನ ದಶಕಗಳಲ್ಲಿ ಅಮೆರಿಕದ ಡೇನಿಯಲ್ ಗ್ರೂಡಿ, ವಿಯೆಟ್ನಾಂನಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದ ಪೀಟರ್ ಫಾನ್ ಇನ್ನೂ ಮುಂದೆ ಹೋದರು. ದೇವರೇ ಮನುಷ್ಯಲೋಕಕ್ಕೆ ವಲಸೆ ಬಂದವನು, ಹಾಗಾಗಿ ವಲಸೆಗಾರ ದೇವರ ರೂಪವನ್ನು ಹೊತ್ತವನು ಅನ್ನುವ ಧಾಟಿಯ ವಾದ ಅವರದು. ಪೋಪ್ ಫ್ರಾನ್ಸಿಸ್ ಅಧಿಕಾರಕ್ಕೆ ಬಂದಮೇಲೆ ರೋಮ್‌ನಿಂದ ಹೊರಗೆ ಮೊದಲು ಹೋದದ್ದು ಲ್ಯಾಂಪೆಡುಸಾ ದ್ವೀಪಕ್ಕೆ, 2013ರ ಜುಲೈಯಲ್ಲಿ. ದೋಣಿ ಮುಳುಗಿ ಸತ್ತ ವಲಸಿಗರಿಗಾಗಿ ಅಲ್ಲಿ ಪ್ರಾರ್ಥಿಸಿದರು.

ಇವೆಲ್ಲ ದೊಡ್ಡ ಮಾತುಗಳು, ತಳ್ಳಿಹಾಕುವಂಥವಲ್ಲ. ಆದರೆ ಈ ಚಿತ್ರಗಳಲ್ಲಿ ಯಾರಿದ್ದಾರೆ ನೋಡಿ. ಗಂಡ, ಹೆಂಡತಿ, ಮಗು ಒಟ್ಟಿಗೆ ಹೊರಟ ಸಂಸಾರ. ದೋಣಿಯಲ್ಲಿ ಬಂದ ನಿರಾಶ್ರಿತರು. ಗಂಡ ಮಕ್ಕಳನ್ನು ಊರಲ್ಲೇ ಬಿಟ್ಟು, ವೀಸಾ ಮಾಡಿಸಿಕೊಂಡು, ವಿಮಾನ ಹತ್ತಿ, ಇನ್ನೊಬ್ಬರ ಮಗುವನ್ನು ಬೆಳೆಸಲು ಹೋದ ಒಂಟಿ ಹೆಂಗಸು ಇಲ್ಲಿಲ್ಲ. ಆ ಕೊರತೆಯನ್ನು ಗಟ್ಟಿಯಾಗಿ ಎತ್ತಿ ಹೇಳಿದವರಲ್ಲಿ ಫಿಲಿಪ್ಪೀನ್ಸ್ ಮೂಲದ ದೈವಶಾಸ್ತ್ರಜ್ಞೆ ಜೆಮ್ಮಾ ತುಲುದ್ ಕ್ರೂಸ್ ಮುಖ್ಯರು. ಹಾಂಗ್‌ಕಾಂಗ್‌ನ ಫಿಲಿಪಿನೋ ಮನೆಕೆಲಸದವರ ಅನುಭವವನ್ನೇ ಅವರು ದೈವಶಾಸ್ತ್ರದ ಕಚ್ಚಾ ಸಾಮಗ್ರಿಯಾಗಿ ತೆಗೆದುಕೊಂಡರು.

ಬೈಬಲಿನಲ್ಲಿ ಆ ಒಂಟಿ ಹೆಂಗಸು ಇಲ್ಲವೇ? ಇದ್ದಾಳೆ. ಆದಿಕಾಂಡದ 16ನೇ ಅಧ್ಯಾಯದ ಹಾಗರ್. ಈಜಿಪ್ಟಿನವಳು, ಅಬ್ರಾಮನ ಹೆಂಡತಿ ಸಾರಯಳ ದಾಸಿ. ಒಡತಿಗೆ ಮಕ್ಕಳಿಲ್ಲ, ಹಾಗಾಗಿ ದಾಸಿಯ ಮೈಯಿಂದ ಮಗು ಪಡೆಯುವ ಏರ್ಪಾಡು. ಅವಳನ್ನು ಯಾರೂ ಕೇಳಲಿಲ್ಲ. ಬಸುರಾದಳು, ಒಡತಿಯ ಹಿಂಸೆ ಶುರುವಾಯಿತು, ಓಡಿಹೋದಳು. ಮರಳುಗಾಡಿನಲ್ಲಿ ದೇವದೂತ ಸಿಗುತ್ತಾನೆ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾನೆ. ಆಮೇಲೆ ಹೇಳುವ ಮಾತು ಓದಿದರೆ ಈಗಲೂ ಹೊಟ್ಟೆ ಕಿವುಚುತ್ತದೆ: ನಿನ್ನ ಒಡತಿಯ ಬಳಿಗೆ ವಾಪಸ್ ಹೋಗು, ಅವಳಿಗೆ ತಗ್ಗಿ ನಡೆ.

ಈ ಒಂದು ವಚನದಿಂದ ಎಷ್ಟು ಕೇಡಾಗಿರಬಹುದು ಯೋಚಿಸಿ. ಹೊಡೆತ ತಿಂದು ಬಂದ ಕೆಲಸದವಳಿಗೆ 'ವಾಪಸ್ ಹೋಗಮ್ಮಾ, ಹೊಂದಿಕೊಂಡು ಹೋಗು' ಎಂದು ಏಜೆಂಟ್ ಹೇಳುತ್ತಾನೆ, ಕೆಲವು ಸಲ ರಾಯಭಾರ ಕಚೇರಿಯವರೂ ಹೇಳುತ್ತಾರೆ. ಅದೇ ಮಾತನ್ನು ಇಲ್ಲಿ ದೇವದೂತ ಹೇಳಿಬಿಟ್ಟಿದ್ದಾನೆ. ಆಫ್ರಿಕನ್ ಅಮೆರಿಕನ್ ಚಿಂತಕಿ ಡೆಲೋರಿಸ್ ವಿಲಿಯಮ್ಸ್ 1990ರ ದಶಕದಲ್ಲಿ ಈ ಕಥೆಯನ್ನು ಹಿಡಿದು ಕೂತರು. ಗುಲಾಮಗಿರಿಯ ನೆನಪಿರುವ ಸಮುದಾಯದ ಹೆಂಗಸಿಗೆ ಹಾಗರ್ ದೂರದವಳಲ್ಲ. ವಿಲಿಯಮ್ಸ್ ಈ ವಚನವನ್ನು ಸಿಹಿ ಮಾಡಲು ಹೋಗಲಿಲ್ಲ. ಇಲ್ಲಿ ದೇವರು ಅವಳನ್ನು ಬಿಡುಗಡೆ ಮಾಡುವುದಿಲ್ಲ ಎಂದು ನೇರವಾಗಿ ಒಪ್ಪಿಕೊಂಡರು. ಅವಳು ಬದುಕಿ ಉಳಿಯಲು ಒಂದು ದಾರಿ ತೋರಿಸುತ್ತಾನೆ, ಅಷ್ಟೇ. ಹೆರಿಗೆಗೆ ಮುಂಚೆ ಮರಳುಗಾಡಿನಲ್ಲಿ ಒಬ್ಬಳೇ ಸಾಯುವುದಕ್ಕಿಂತ ಅದು ವಾಸಿ ಎಂಬ ಲೆಕ್ಕ. ನನಗೆ ಈ ಓದು ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಬಿಡುಗಡೆಯ ದೈವಶಾಸ್ತ್ರ ಬರೆಯುವವರು ವಿಮೋಚನಕಾಂಡದ ದೊಡ್ಡ ಕಥೆಯನ್ನೇ, ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಹೊರಬಂದದ್ದನ್ನೇ, ಜಾಸ್ತಿ ಹೇಳುತ್ತಾರೆ. ಸಮುದ್ರ ಸೀಳಿತು, ಜನ ದಾಟಿದರು. ಎರಡು ವರ್ಷದ ಕರಾರಿಗೆ ಸಹಿ ಹಾಕಿ, ಏಜೆಂಟನ ಸಾಲ ತೀರಿಸಲು ಒದ್ದಾಡುವವಳಿಗೆ ಸಮುದ್ರ ಸೀಳುವುದಿಲ್ಲ. ಅವಳು ದಿನಾ ಮಾಡುವ ಲೆಕ್ಕ ಹಾಗರಳ ಲೆಕ್ಕವೇ: ಈಗ ಬಿಟ್ಟರೆ ಏನಾಗುತ್ತೆ, ಇನ್ನು ಆರು ತಿಂಗಳು ತಡೆದುಕೊಂಡರೆ ಏನಾಗುತ್ತೆ.

ಅದೇ ಕಥೆಯಲ್ಲಿ ಇನ್ನೊಂದು ವಿಷಯವಿದೆ. ಹೀಬ್ರೂ ಬೈಬಲಿನಲ್ಲಿ ದೇವರಿಗೆ ತಾನೇ ಒಂದು ಹೆಸರು ಇಟ್ಟವಳು ಹಾಗರ್. ನನ್ನನ್ನು ನೋಡುವ ದೇವರು ನೀನು ಅನ್ನುತ್ತಾಳೆ. ಒಡೆಯ, ಒಡತಿ ಇಬ್ಬರೂ ಕಥೆಯಲ್ಲಿ ಒಂದು ಸಲವೂ ಅವಳ ಹೆಸರು ಹೇಳುವುದಿಲ್ಲ. ಅವರ ಬಾಯಲ್ಲಿ ಅವಳು 'ದಾಸಿ'. ಮನೆಯೊಳಗೆ ಇದ್ದೂ ಕಾಣಿಸದವಳು ತನ್ನನ್ನು ಕಂಡವನನ್ನು ಹೆಸರಿಟ್ಟು ಕರೆದಳು. ಇಂಥ ಜಾಗಕ್ಕೆ ವ್ಯಾಖ್ಯಾನವೇ ಬೇಡ.

21ನೇ ಅಧ್ಯಾಯದಲ್ಲಿ ಅವಳು ಎರಡನೇ ಸಲ ಆ ಮನೆಯಿಂದ ಹೊರಗೆ ಬೀಳುತ್ತಾಳೆ. ಈ ಸಲ ಓಡಿಹೋಗುವುದಲ್ಲ, ಹೊರಗಟ್ಟುವುದು. ರೊಟ್ಟಿ, ಒಂದು ಚರ್ಮದ ಚೀಲ ನೀರು, ಮಗ. ಅಷ್ಟೇ ಲೆಕ್ಕ ಚುಕ್ತಾ. 2020ರಲ್ಲಿ ಲೆಬನಾನಿನ ಹಣದ ಬೆಲೆ ಕುಸಿದು, ಡಾಲರ್‌ನಲ್ಲಿ ಸಂಬಳ ಕೊಡಲಾಗದೆ ಹೋದಾಗ, ಮಾಲೀಕರು ಇಥಿಯೋಪಿಯಾದ ಕೆಲಸದವರನ್ನು ಕಾರಿನಲ್ಲಿ ತಂದು ಬೈರೂತಿನ ಇಥಿಯೋಪಿಯಾ ಕಾನ್ಸುಲೇಟಿನ ಎದುರು ಇಳಿಸಿ ಹೋದರು. ಬಾಕಿ ಸಂಬಳ ಇಲ್ಲ, ಎಷ್ಟೋ ಜನರಿಗೆ ಪಾಸ್‌ಪೋರ್ಟೂ ಇಲ್ಲ. ರಸ್ತೆ ಬದಿಯಲ್ಲಿ ಬ್ಯಾಗ್ ಇಟ್ಟುಕೊಂಡು ಮಲಗಿದ ಆ ಹೆಂಗಸರ ಚಿತ್ರ ಜಗತ್ತೆಲ್ಲ ಓಡಾಡಿತು.

ಇಸ್ಲಾಮಿನಲ್ಲಿ ಇದೇ ಹಾಗರ್ ಹಾಜರಾ ಆಗಿ ಇನ್ನೂ ಎತ್ತರದ ಜಾಗದಲ್ಲಿದ್ದಾಳೆ. ಬಾಯಾರಿದ ಮಗುವಿಗೆ ನೀರು ಹುಡುಕುತ್ತ ಮೆಕ್ಕಾದ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ಓಡಿದವಳು. ಹಜ್ ಮತ್ತು ಉಮ್ರಾಕ್ಕೆ ಹೋದ ಪ್ರತಿಯೊಬ್ಬರೂ, ದೊರೆಯಾಗಲಿ ವ್ಯಾಪಾರಿಯಾಗಲಿ, ಆ ಹಾದಿಯಲ್ಲೇ ಏಳು ಸಲ ನಡೆಯಬೇಕು. ಪರದೇಶದ ಒಂಟಿ ತಾಯಿಯ ಗಾಬರಿಯ ಓಟವೇ ಆರಾಧನೆಯಾಗಿದೆ. ಕೆಲಸದವರ ಬಗ್ಗೆಯೂ ಹದೀಸ್‌ಗಳು, ಅಂದರೆ ಪ್ರವಾದಿಯ ಮಾತುಗಳ ಸಂಗ್ರಹಗಳು, ಸುತ್ತಿಬಳಸದೆ ಹೇಳುತ್ತವೆ. ಬೆವರು ಆರುವ ಮೊದಲೇ ಕೂಲಿ ಕೊಡಿ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ತಿನ್ನುವುದನ್ನೇ ಅವರಿಗೂ ಕೊಡಿ, ನೀವು ಉಡುವುದನ್ನೇ ಉಡಿಸಿ, ಶಕ್ತಿ ಮೀರಿದ ಕೆಲಸ ಹೇರಬೇಡಿ. ಕಫಾಲಾ ದೇಶಗಳಲ್ಲಿ ಈ ಮಾತುಗಳು ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ತಿಂಗಳುಗಟ್ಟಲೆ ಸಂಬಳ ಹಿಡಿದಿಡುವ ಮನೆಗಳಿವೆ. ಕೊರತೆ ಬೋಧನೆಯದ್ದಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಧರ್ಮದ ಅಧಿಕಾರ ಹಿಡಿದವರು ಇನ್ನೊಂದು ದಾರಿಯನ್ನೂ ಹಿಡಿದಿದ್ದಾರೆ: ಹೆಂಗಸರು ಹೋಗುವುದೇ ಬೇಡ ಅನ್ನುವುದು. ಇಂಡೋನೇಷ್ಯಾದ ಮುಸ್ಲಿಂ ಧರ್ಮಪಂಡಿತರ ಉಲೇಮಾ ಮಂಡಳಿ 2000ರಲ್ಲಿ ಫತ್ವಾ ಕೊಟ್ಟಿತು. ಹತ್ತಿರದ ಗಂಡು ಸಂಬಂಧಿಯ ಜೊತೆ ಇಲ್ಲದೆ, ಸುರಕ್ಷತೆಯ ಖಾತರಿಯೂ ಇಲ್ಲದೆ ಹೆಂಗಸರು ಹೊರದೇಶಕ್ಕೆ ದುಡಿಯಲು ಹೋಗಬಾರದು ಎಂದಿತು. 2015ರಲ್ಲಿ ಆ ದೇಶದ ಸರ್ಕಾರವೇ ಮಧ್ಯಪ್ರಾಚ್ಯದ ದೇಶಗಳಿಗೆ ಮನೆಕೆಲಸದವರನ್ನು ಕಳಿಸುವುದನ್ನು ನಿಲ್ಲಿಸಿತು. ಕಾಳಜಿ ಇರಬಹುದು, ಇಲ್ಲವೆನ್ನಲಾರೆ. ಆದರೆ ಊರಲ್ಲಿ ಸಾಲ ಹಾಗೇ ಇರುತ್ತದೆ. ನಿಷೇಧ ಬಂದ ಕೂಡಲೇ ಕಳ್ಳ ದಾರಿಯ ಏಜೆಂಟರಿಗೆ ಸುಗ್ಗಿ. ದಾಖಲೆ ಇಲ್ಲದೆ ಹೋದವಳಿಗೆ ಏನಾದರೂ ಆದರೆ ಕೇಳುವವರೂ ಇಲ್ಲ. ಅಲ್ಲಿ ಹಿಂಸೆ ಕೊಟ್ಟವನನ್ನು ತಡೆಯಲಾಗದವರು ಇಲ್ಲಿ ಹೊರಟವಳನ್ನು ತಡೆದರು.

ಫಿಲಿಪ್ಪೀನ್ಸ್ ಇದಕ್ಕೆ ತದ್ವಿರುದ್ಧ. ಅಲ್ಲಿ ತಡೆಯುವುದಿಲ್ಲ, ಹೊಗಳುತ್ತಾರೆ. 1988ರಲ್ಲಿ ಅಧ್ಯಕ್ಷೆ ಕೊರಾಜಾನ್ ಅಕ್ವಿನೊ ಹಾಂಗ್‌ಕಾಂಗ್‌ನಲ್ಲಿ ಮನೆಕೆಲಸದವರ ಮುಂದೆ ಮಾತಾಡುತ್ತ ಅವರನ್ನು ದೇಶದ ಹೊಸ ವೀರರು ಎಂದು ಕರೆದರು. ಚರ್ಚ್ ಕೂಡ ಅವರನ್ನು ಹೊಸ ಮಿಷನರಿಗಳು ಎಂದು ಕೊಂಡಾಡಿತು: ಹೋದ ಮನೆಯಲ್ಲಿ ಪ್ರಾರ್ಥನೆ ಕಲಿಸುವವರು, ಖಾಲಿಯಾಗುತ್ತಿರುವ ಚರ್ಚ್‌ಗಳನ್ನು ತುಂಬುವವರು. ಬೈಬಲಿನಲ್ಲಿ ಸಿರಿಯಾದ ಸೇನಾಪತಿ ನಾಮಾನನ ಹೆಂಡತಿಗೆ ದಾಸಿಯಾಗಿದ್ದ ಇಸ್ರಾಯೇಲಿನ ಹುಡುಗಿಯ ಕಥೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಸೈನಿಕರು ಹಿಡಿದೊಯ್ದ ಮಗು ಅದು. ತನ್ನ ಒಡೆಯನ ಚರ್ಮರೋಗ ವಾಸಿಮಾಡುವ ಪ್ರವಾದಿ ನಮ್ಮ ದೇಶದಲ್ಲಿದ್ದಾನೆ ಎಂದು ಹೇಳಿತು. ಒಡೆಯ ವಾಸಿಯಾದ. ಹುಡುಗಿ ಏನಾದಳು? ಮನೆಗೆ ಕಳಿಸಿದರೇ? ಬೈಬಲ್ ಹೇಳುವುದಿಲ್ಲ, ಪ್ರವಚನ ಮಾಡುವವರೂ ಕೇಳುವುದಿಲ್ಲ.

1995ರ ಮಾರ್ಚ್ 17ರಂದು ಸಿಂಗಾಪುರದಲ್ಲಿ ಫಿಲಿಪಿನೋ ಮನೆಕೆಲಸದಾಕೆ ಫ್ಲೋರ್ ಕಾಂಟೆಂಪ್ಲಾಸಿಯೋನ್‌ಗೆ ಗಲ್ಲಾಯಿತು. ಜೊತೆಯ ಕೆಲಸದವಳೊಬ್ಬಳನ್ನೂ ಒಂದು ಮಗುವನ್ನೂ ಕೊಂದ ಆರೋಪ ಅವಳ ಮೇಲೆ ಸಾಬೀತಾಗಿತ್ತು. ಫಿಲಿಪ್ಪೀನ್ಸಿನಲ್ಲಿ ಬಹಳ ಜನ ಆ ತೀರ್ಪನ್ನು ನಂಬಲಿಲ್ಲ. ದೇಶ ಕೆರಳಿತು, ಅದೇ ವರ್ಷ ವಲಸೆ ಕೆಲಸಗಾರರ ರಕ್ಷಣೆಗೆ ಹೊಸ ಕಾನೂನು ಬಂತು. ವೀರರು ಎಂದು ಕರೆದ ಏಳು ವರ್ಷಕ್ಕೆ ಕಾನೂನು. ಹೊಗಳಿಕೆ ಬೇಗ ಬರುತ್ತದೆ, ವಕೀಲರು ತಡವಾಗಿ ಬರುತ್ತಾರೆ.

ಜೆಮ್ಮಾ ಕ್ರೂಸ್ ಗುರುತಿಸುವ ಇಬ್ಬಂದಿತನ ಇಲ್ಲೇ ಇದೆ. ಕೆಲಸದವರ ಹಾಡು, ನಗು, ಭಾನುವಾರದ ಪ್ರಾರ್ಥನೆ, ಒಬ್ಬರನ್ನೊಬ್ಬರು ಅಣಕಿಸುವ ತಮಾಷೆ, ಇವೆಲ್ಲ ಅವರನ್ನು ಬದುಕಿಸುವ ಶಕ್ತಿ. ಆದರೆ ಅದೇ ನಂಬಿಕೆ 'ಸಹಿಸಿಕೋ, ಕ್ರಿಸ್ತನೂ ಶಿಲುಬೆ ಹೊತ್ತ' ಎಂದೂ ಹೇಳಬಲ್ಲದು. 1960ರಲ್ಲೇ ವ್ಯಾಲೆರಿ ಸೇವಿಂಗ್ ಎಂಬ ಅಮೆರಿಕನ್ ವಿದುಷಿ ಒಂದು ಪ್ರಶ್ನೆ ಎತ್ತಿದ್ದರು. ಅಹಂಕಾರವೇ ದೊಡ್ಡ ಪಾಪ, ತನ್ನನ್ನು ತಾನು ಬರಿದು ಮಾಡಿಕೊಳ್ಳುವುದೇ ದೊಡ್ಡ ಗುಣ ಎಂದು ಗಂಡಸರು ಬರೆದಿಟ್ಟರು. ಆದರೆ ತನ್ನದು ಅಂತ ಏನೂ ಉಳಿಸಿಕೊಳ್ಳದೆ ಕರಗಿಹೋಗುವುದೇ ಎಷ್ಟೋ ಹೆಂಗಸರ ಕಷ್ಟ, ಅವರಿಗೆ ಈ ಉಪದೇಶ ಔಷಧಿಯೋ ವಿಷವೋ? ಯೇಸು ಶಿಷ್ಯರ ಕಾಲು ತೊಳೆದ ಕಥೆಯನ್ನು ಸೇವೆಯ ಮಹಿಮೆಗೆ ಬಳಸುತ್ತಾರಲ್ಲ, ಅದನ್ನು ಯಾರಿಗೆ ಹೇಳಬೇಕು? ದಿನಾ ಇನ್ನೊಬ್ಬರ ಕಾಲು ತೊಳೆಯುವವಳಿಗಂತೂ ಅಲ್ಲ. ಆ ಕಥೆಯಲ್ಲಿ ಬಗ್ಗಿದವನು ಗುರು.

ಶರಣರ ಕಾಯಕದ ಮಾತನ್ನೂ ಇಲ್ಲಿ ತರಬೇಕು. ಹನ್ನೆರಡನೇ ಶತಮಾನದಲ್ಲಿ ಕಸ ಗುಡಿಸುವ ಸತ್ಯಕ್ಕ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ವಚನ ಬರೆದರು. ಮನೆಕೆಲಸವನ್ನೇ ಆರಾಧನೆಯ ಮಟ್ಟಕ್ಕೆ ತಂದದ್ದು ಸಣ್ಣ ಮಾತಲ್ಲ. ಆದರೆ ಕಾಯಕವೇ ಕೈಲಾಸ ಅನ್ನುವುದು ದುಡಿಯುವವರ ಬಾಯಲ್ಲಿ ಬಂದರೆ ಒಂದು ಅರ್ಥ, ಸಂಬಳ ಕೊಡದವರ ಬಾಯಲ್ಲಿ ಬಂದರೆ ಇನ್ನೊಂದು. ಬೌದ್ಧರ 'ಸಿಗಾಲೋವಾದ ಸುತ್ತ' ಎಂಬ ಉಪದೇಶಗ್ರಂಥ ಈ ವಿಷಯದಲ್ಲಿ ಬಹಳ ಲೌಕಿಕವಾಗಿ ಮಾತಾಡುತ್ತದೆ. ಯಜಮಾನನ ಐದು ಕರ್ತವ್ಯಗಳನ್ನು ಹೇಳುತ್ತದೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದರೆ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಕಾಲಕ್ಕೆ ಬಿಡುವು. ಇದನ್ನು ಹಾಗೇ ಎತ್ತಿ ಕರಾರು ಪತ್ರಕ್ಕೆ ಅಂಟಿಸಬಹುದು.

ನನ್ನ ವಾದ ಇಷ್ಟು. ಮನೆಕೆಲಸದವಳ ವಿಷಯದಲ್ಲಿ ಆತಿಥ್ಯದ ವಚನಗಳಿಗಿಂತ ಕೂಲಿ, ರಜೆ, ಬಿಡುಗಡೆ ಬಗ್ಗೆ ಇರುವ ಒಣ ನಿಯಮಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ. ಅತಿಥಿಗೆ ಕೊಡುವುದು ಮನೆಯವರ ಔದಾರ್ಯ. ಕೆಲಸದವಳಿಗೆ ಕೊಡುವುದು ಬಾಕಿ. ಔದಾರ್ಯವನ್ನು ವಾಪಸ್ ತೆಗೆದುಕೊಳ್ಳಬಹುದು, ಬಾಕಿಯನ್ನು ಆಗುವುದಿಲ್ಲ. 'ನಮ್ಮ ಮನೆಯವಳ ಹಾಗೇ ನೋಡಿಕೊಳ್ಳುತ್ತೇವೆ' ಎಂದು ಹೇಳುವ ಮನೆಗಳಲ್ಲೇ ಕೆಲಸಕ್ಕೆ ಹೊತ್ತುಗೊತ್ತು ಇರುವುದಿಲ್ಲ ಅಲ್ವಾ? ಮನೆಯವಳು ಅಂದಮೇಲೆ ಓವರ್‌ಟೈಮ್ ಎಲ್ಲಿಂದ ಬರಬೇಕು!

ಬೈಬಲಿನ ಸಬ್ಬತ್ ನಿಯಮವನ್ನೇ, ಅಂದರೆ ವಾರದ ವಿಶ್ರಾಂತಿ ದಿನದ ನಿಯಮವನ್ನೇ ನೋಡಿ. ಏಳನೇ ದಿನ ಕೆಲಸ ಮಾಡಬಾರದು ಅನ್ನುವ ಆಜ್ಞೆಯಲ್ಲಿ ಒಂದು ಪಟ್ಟಿ ಇದೆ: ನೀನು, ಮಗ, ಮಗಳು, ದಾಸ, ದಾಸಿ, ದನಕರು, ನಿನ್ನ ಊರಲ್ಲಿರುವ ಪರದೇಶಿ. (ಹೆಂಡತಿಯ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಅದರ ಬಗ್ಗೆ ಬೇರೆ ಲೇಖನವೇ ಬೇಕು.) ವಲಸೆ ಮನೆಕೆಲಸದವಳು ದಾಸಿಯ ಜಾಗದಲ್ಲೂ ಇದ್ದಾಳೆ, ಪರದೇಶಿಯ ಜಾಗದಲ್ಲೂ ಇದ್ದಾಳೆ. ಧರ್ಮೋಪದೇಶಕಾಂಡ ಕಾರಣವನ್ನೂ ಕೊಡುತ್ತದೆ: ನಿನ್ನ ಹಾಗೆಯೇ ದಾಸದಾಸಿಯರೂ ವಿಶ್ರಮಿಸಲಿ, ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ ನೆನಪಿರಲಿ. ಪರದೇಶಿಗೆ ಅನ್ಯಾಯ ಮಾಡಬೇಡ ಎಂದು ತೋರಾ (ಬೈಬಲಿನ ಮೊದಲ ಐದು ಪುಸ್ತಕಗಳು) 36 ಸಲ ಎಚ್ಚರಿಸುತ್ತದೆ, ಕೆಲವರ ಪ್ರಕಾರ 46 ಸಲ, ಎಂದು ಯೆಹೂದಿ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮುದ್ ಲೆಕ್ಕ ಹಾಕಿದೆ.

ಆ ಒಂದು ದಿನಕ್ಕಾಗಿ ಎಷ್ಟು ವರ್ಷ ಕಾಯಬೇಕಾಯಿತು! ಹಾಂಗ್‌ಕಾಂಗ್‌ನಲ್ಲಿ ಏಳು ದಿನಕ್ಕೊಂದು ರಜೆ ಕಾನೂನಿನಲ್ಲೇ ಇದೆ. ಕುವೈತ್‌ನಲ್ಲಿ ವಾರದ ರಜೆ ಕಾನೂನಿಗೆ ಸೇರಿದ್ದು 2015ರಲ್ಲಿ, ಕತಾರ್‌ನಲ್ಲಿ 2017ರಲ್ಲಿ. ಸಿಂಗಾಪುರದಲ್ಲಿ 2013ರ ಜನವರಿಯಿಂದ ವಾರಕ್ಕೊಂದು ರಜೆ ಬಂತು, ಆದರೆ ಹಣ ಕೊಟ್ಟು ಆ ದಿನವೂ ದುಡಿಸಿಕೊಳ್ಳಬಹುದಿತ್ತು. ಏಜೆಂಟನ ಸಾಲ ಇರುವವಳು ಬೇಡ ಅನ್ನುತ್ತಾಳಾ? 2023ರ ಜನವರಿಯಿಂದ ತಿಂಗಳಿಗೆ ಒಂದು ದಿನವನ್ನಾದರೂ ಹಣಕ್ಕೆ ಮಾರುವಂತಿಲ್ಲ ಎಂದು ನಿಯಮ ಬಿಗಿಯಾಯಿತು.

ರಜೆ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ಹಾಂಗ್‌ಕಾಂಗ್‌ನಲ್ಲಿ ನೋಡಬಹುದು. ಭಾನುವಾರ ಸೆಂಟ್ರಲ್ ಪ್ರದೇಶದ ಬ್ಯಾಂಕ್ ಕಟ್ಟಡಗಳ ಕೆಳಗೆ, ಕಾಲುದಾರಿಗಳಲ್ಲಿ ರಟ್ಟಿನ ಹಾಳೆ ಹಾಸಿ ಫಿಲಿಪಿನೋ ಹೆಂಗಸರು ಕೂರುತ್ತಾರೆ. ವಿಕ್ಟೋರಿಯಾ ಪಾರ್ಕಿನಲ್ಲಿ ಇಂಡೋನೇಷ್ಯಾದವರು ಕುರ್‌ಆನ್ ಓದುವ ಗುಂಪು ಕಟ್ಟಿಕೊಂಡಿದ್ದಾರೆ. ವಾರವಿಡೀ ಹಂದಿಮಾಂಸ ಬೇಯಿಸಿ, ಹೊತ್ತಿಗೆ ನಮಾಜ್ ಮಾಡಲಾಗದೆ ಬಂದವರೂ ಅವರಲ್ಲಿರುತ್ತಾರೆ. ಅಲ್ಲಿ ಬರೀ ಪ್ರಾರ್ಥನೆ ನಡೆಯುವುದಿಲ್ಲ. ಯಾವ ಏಜೆನ್ಸಿ ಮೋಸದ್ದು, ಬಾಕಿ ಸಂಬಳಕ್ಕೆ ಎಲ್ಲಿ ದೂರು ಕೊಡಬೇಕು, ಪಾಸ್‌ಪೋರ್ಟ್ ಕಿತ್ತುಕೊಂಡರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಗೊತ್ತಾಗುವುದು ಆ ದಿನವೇ. ಸಂಘಗಳು ಹುಟ್ಟಿದ್ದೂ ಅಲ್ಲೇ. ರಜೆ ಕೊಡಲು ಮಾಲೀಕರು ಹೆದರುವುದೂ ಇದಕ್ಕೇ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್ 16ರಂದು ಒಪ್ಪಿಕೊಂಡ, ಮನೆಕೆಲಸದವರ ಕುರಿತ 189ನೇ ಒಡಂಬಡಿಕೆ ಇದನ್ನೇ ಲೌಕಿಕ ಭಾಷೆಯಲ್ಲಿ ಹೇಳುತ್ತದೆ. ವಾರಕ್ಕೆ ಸತತ 24 ಗಂಟೆ ವಿಶ್ರಾಂತಿ, ಆ ಹೊತ್ತಿನಲ್ಲಿ ಮನೆಯಲ್ಲೇ ಇರಬೇಕೆಂಬ ಕಟ್ಟುಪಾಡಿಲ್ಲ, ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು. ಮೊದಲು ಒಪ್ಪಿ ಸಹಿ ಹಾಕಿದ್ದು ಉರುಗ್ವೆ, ಆಮೇಲೆ ಫಿಲಿಪ್ಪೀನ್ಸ್. ಭಾರತ ಇನ್ನೂ ಅನುಮೋದಿಸಿಲ್ಲ.

ತಾಯ್ತನದ ಪ್ರಶ್ನೆಯಲ್ಲಿ ಧರ್ಮಗಳು ಇನ್ನೂ ತೊದಲುತ್ತಿವೆ. ತಾಯಿ ದೂರ ಹೋದರೆ ಸಂಸಾರ ಹಾಳು ಎಂಬ ಉಪದೇಶ ಸುಲಭ. ತಂದೆ ದುಡಿಯಲು ದೂರ ಹೋದರೆ ಅದೇ ಉಪದೇಶ ಕೇಳಿಸುವುದಿಲ್ಲ. ಮೋಶೆಯ ತಾಯಿ ಫರೋಹನ ಮಗಳಿಂದ ಸಂಬಳ ಪಡೆದು ತನ್ನ ಮಗುವಿಗೇ ಹಾಲೂಡಿಸಿದಳು. ಮಗುವನ್ನು ಉಳಿಸಲು ಅವಳಿಗಿದ್ದದ್ದು ಆ ದಾರಿ. ಸಂಬಳ ಪಡೆದಳೆಂದು ಅವಳ ಪ್ರೀತಿಯನ್ನು ಯಾರೂ ಅನುಮಾನಿಸಿಲ್ಲ.

ಬೈಬಲಿನ ರೂತಳ ಕಥೆಗೆ ಸುಖದ ಕೊನೆ ಇದೆ. ಮೋವಾಬಿನ ವಿಧವೆ, ಪರದೇಶದ ಹೊಲದಲ್ಲಿ ತೆನೆ ಆರಿಸಿದವಳು, ಕಡೆಗೆ ದಾವೀದನ ಮುತ್ತಜ್ಜಿಯಾಗುತ್ತಾಳೆ. ಮದುವೆ ಆದದ್ದರಿಂದ ಅವಳು ಊರಿನವಳಾದಳು ಅನ್ನುವುದನ್ನು ಮರೆಯಬಾರದು. ದುಡಿದದ್ದರಿಂದ ಅಲ್ಲ. 2013ರಲ್ಲಿ ಹಾಂಗ್‌ಕಾಂಗ್‌ನ ಅತ್ಯುನ್ನತ ನ್ಯಾಯಾಲಯದ ಮುಂದೆ ಇಂಥದೇ ಪ್ರಶ್ನೆ ಬಂತು. ಏಳು ವರ್ಷ ನೆಲೆಸಿದ ಬೇರೆ ವಿದೇಶಿಯರು ಶಾಶ್ವತ ವಾಸದ ಹಕ್ಕು ಕೇಳಬಹುದು. 1986ರಿಂದ ಅಲ್ಲಿ ದುಡಿದ ಮನೆಕೆಲಸದಾಕೆ ಕೇಳಬಾರದೇ? ಕೇಳಬಾರದು ಎಂದಿತು ನ್ಯಾಯಾಲಯ. ಮನೆಕೆಲಸದ ವೀಸಾದಲ್ಲಿ ಎಷ್ಟು ವರ್ಷ ಇದ್ದರೂ ಅದು ಸಾಮಾನ್ಯ ವಾಸ ಆಗುವುದಿಲ್ಲ.

ಇನ್ನು ಓಡಿಹೋದವಳ ವಿಷಯ. ಹಾಗರಳಿಗೆ ವಾಪಸ್ ಹೋಗು ಎಂದ ಅದೇ ಬೈಬಲಿನಲ್ಲಿ ಇನ್ನೊಂದು ನಿಯಮವಿದೆ, ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ. ಒಡೆಯನಿಂದ ತಪ್ಪಿಸಿಕೊಂಡು ನಿನ್ನ ಬಳಿ ಬಂದ ದಾಸನನ್ನು ಒಡೆಯನಿಗೆ ಒಪ್ಪಿಸಬೇಡ. ಅವನು ಇಷ್ಟಪಟ್ಟ ಊರಲ್ಲಿ ಇರಲಿ, ಅವನನ್ನು ಪೀಡಿಸಬೇಡ. ಹಳೆಯ ವ್ಯಾಖ್ಯಾನಕಾರರು ಇದನ್ನು ಹೊರದೇಶದಿಂದ ಓಡಿಬಂದವರಿಗೆ ಮಾತ್ರ ಎಂದು ಕಿರಿದು ಮಾಡಿದರು. ಹಾಗೆ ಓದಿದರೂ ಅದು ದೊಡ್ಡ ಮಾತೇ. ಹಾಂಗ್‌ಕಾಂಗ್‌ನ ಸೇಂಟ್ ಜಾನ್ಸ್ ಕ್ಯಾಥೆಡ್ರಲ್ ಆವರಣದಲ್ಲಿ 1981ರಿಂದ ವಲಸೆ ಕೆಲಸಗಾರರಿಗಾಗಿ ಒಂದು ಮಿಷನ್ ನಡೆಯುತ್ತಿದೆ. ಅದರ ಜೊತೆಗೆ ಹುಟ್ಟಿದ ಬೆಥೂನ್ ಹೌಸ್ ಎಂಬ ಆಶ್ರಯಮನೆ 1986ರಿಂದ ಇದೆ. ಮನೆ ಬಿಟ್ಟು ಬಂದವಳು ಕೇಸ್ ಹಾಕಿದರೆ ಅದು ಮುಗಿಯುವ ತನಕ ಬೇರೆ ಕಡೆ ದುಡಿಯುವಂತಿಲ್ಲ, ಹಾಗಾಗಿ ಮಲಗಲು ಜಾಗ, ಊಟ, ಅರ್ಜಿ ಬರೆದುಕೊಡುವವರು ಬೇಕು. ಅಲ್ಲಿ ಇದು ಸಾಧ್ಯ. ಗಲ್ಫಿನ ಸೌದಿ ಅರೇಬಿಯಾ, ಯುಎಇಯಂಥ ದೇಶಗಳಲ್ಲಿ ಓಡಿಬಂದ ಕೆಲಸದವಳನ್ನು ಮನೆಯಲ್ಲಿ ಇಟ್ಟುಕೊಂಡವರ ಮೇಲೂ ಕೇಸ್ ಆಗುತ್ತದೆ, ದಂಡ ಬೀಳುತ್ತದೆ.